ತವರುಮನೆಗೆ ಟಿಕೀಟು

ದಾಂಡೇಲಿಯ ಅಂಬೇವಾಡಿಯಿಂದ ಹಳಿಯಾಳದ ಬಸ್ಸು ಹತ್ತಿದಾಗ ಮಂಜು ಇನ್ನೂ ಕರಗಿರಲಿಲ್ಲ. ನನ್ನ ಚೀಲದಲ್ಲಿ ಕೊಡೆ, ವಾಂತಿ ಗುಳಿಗೆ, ಹಗಲು ಪ್ರಯಾಣಕ್ಕೂ ಒಂದು ಟಾರ್ಚು. ಪಕ್ಕದಲ್ಲಿ ಹೆಂಡತಿಯ ತಾಯಿ. ಹೊರಟಿದ್ದು ಅವರ ತವರಿಗೆ. ಹಳಿಯಾಳದಾಚೆಯ ಹಳ್ಳಿಯಲ್ಲಿರುವ ಆ ವಾಡೆ, ಬ್ರಿಟಿಷರ ಮೇಲೆ ದಂಡು ಕಟ್ಟಿಕೊಂಡು ಹೋದ ಸರದಾರರದು. ಈಗ ಮ್ಯೂಸಿಯಂ. ಅವರ ಅಣ್ಣಂದಿರು ಅದನ್ನು ಸರಕಾರಕ್ಕೆ ಬಿಟ್ಟುಕೊಟ್ಟಾಗ ಅತ್ತೆ ಜಗಳವಾಡಿ, ಸೆರಗಿಗೆ ಅಕ್ಕಿ ಹಾಕಿಸಿಕೊಂಡು ಉಡಿ ತುಂಬಿಸಿಕೊಳ್ಳದೆ ಎದ್ದು ಬಂದಿದ್ದರು. ಮನೆಮಗಳು ಬರಿ ಉಡಿಯಲ್ಲಿ ಹೊಸಿಲು ದಾಟಿದರೆ ತವರು ಮುಗಿದಂತೆ ಎಂಬ ಕೊರಗು ಅವರಿಗೆ ಇಂದಿಗೂ ಇತ್ತು.

ತೇಗದ ಮರಗಳು ಮಂಜಿನಿಂದ ಒಂದೊಂದಾಗಿ ಹೊರಬಂದು, ನಮ್ಮನ್ನು ನೋಡಿ, ಮತ್ತೆ ಒಳಗೆ ಹೋಗುತ್ತಿದ್ದವು. ಬ್ರೇಕು ಕಿರುಗುಟ್ಟಿದಾಗ ಮಾತ್ರ ನನಗೆ ಭೂಮಿಯ ನೆನಪು.

ವಾಡೆಯ ಬಾಗಿಲಲ್ಲಿ ಕೂತಿದ್ದ ಗಿರಿಜಾ ಎಂಬಾಕೆ, "ಟಿಕೀಟ್ ತಗೋರಿ" ಎಂದಳು.

"ಬಸ್ಸಿನ್ಯಾಗ ಪುಕ್ಕಟೆ ಬಂದೇನಿ. ತವರಮನಿಗೆ ಟಿಕೀಟೇನವಾ?" ಎಂದರು ಅತ್ತೆ.

ನಾನು ಮೆಲ್ಲಗೆ ಜೇಬಿಗೆ ಕೈ ಹಾಕಿದೆ.

"ಅಳಿಯಂದ್ರ, ಕೈ ತಗೀರಿ! ಟಿಕೀಟ ತಗೊಂಡ ಹ್ವಾದ್ರ ನಾ ಪರಊರಾಕಿ ಆಗ್ತೇನಿ."

ಟಿಕೀಟಿನ ಗೂಡಿನಲ್ಲಿ ಮಾರಾಟಕ್ಕಿಟ್ಟ ಹಳೆಯ ಪೋಸ್ಟ್‌ಕಾರ್ಡುಗಳಿದ್ದವು. ಒಂದರಲ್ಲಿ ಇದೇ ಬಾಗಿಲು. ಫಿರಂಗಿಯ ಪಕ್ಕ ಎರಡು ಜಡೆಯ ಹುಡುಗಿ. "ಈಕಿ ನಾನ" ಎಂದರು ಅತ್ತೆ. ಗಿರಿಜಾ ಕಾರ್ಡನ್ನೂ ಅವರನ್ನೂ ನೋಡಿದಳು.

"ಮೂಗ ಅದ ಐತಿ. ಒಳಗ ಬರ್ರಿ. ಮ್ಯೂಸಿಯಂ ಸಾಮಾನಿಗೆ ಟಿಕೀಟಿಲ್ಲ. ಸಾಹೇಬ್ರ, ನಿಮಗ ಐತಿ!"

ಗಾಜಿನೊಳಗಿನ ಕತ್ತಿಗಳನ್ನು ಅತ್ತೆ ನೋಡಲಿಲ್ಲ. ಅಡಿಗೆಮನೆಯ ಕಿಂಡಿಯಿಂದ ಬಿದ್ದ ಬೆಳಕಿನಲ್ಲಿ ಅಂಗೈ ಒಡ್ಡಿ ನಿಂತರು. ಧೂಳು ಬಂಗಾರದಂತೆ ತೇಲುತ್ತಿತ್ತು. ಒಳಗೆ ಯಾರೋ ರೊಟ್ಟಿ ಬಡಿಯುವ ಸದ್ದು ನನಗೂ ಕೇಳಿಸಿದಂತಾಗಿ, ರಕ್ತದೊತ್ತಡ ಇರಬೇಕೆಂದುಕೊಂಡೆ.

ಹೊರಡುವಾಗ ಹೊಸಿಲಲ್ಲಿ ಅತ್ತೆಯ ಕಾಲು ತಡೆಯಿತು. "ಉಡಿ ತುಂಬವರ ಯಾರದಾರ? ಈಗಂತೂ ಕುಂಕುಮ ಇಲ್ಲದಾಕಿ."

ಗಿರಿಜಾ ತನ್ನ ಮಧ್ಯಾಹ್ನದ ಅನ್ನಕ್ಕೆ ತಂದಿದ್ದ ಅಕ್ಕಿಯ ಡಬ್ಬಿ ತಂದಳು. "ಗಂಡ ಹ್ವಾದ್ರ ತವರೂ ಹೋಕ್ಕೈತೇನ್ರಿ? ಸೆರಗ ಒಡ್ಡ್ರಿ."

ಐದು ಹಿಡಿ ಬಿತ್ತು. ತವರು ತುಂಬಿರಲೆಂಬ ವಾಡಿಕೆಯಂತೆ ಅತ್ತೆ ಅದರಿಂದ ಒಂದು ಚಿಟಿಕೆ ತೆಗೆದು ಹೊಸಿಲೊಳಗೆ ಹಾಕಿದರು. ಗೋಡೆಯ ಮೇಲೆ 'ಕಸ ಹಾಕಬೇಡಿ' ಎಂದಿತ್ತು. ದಂಡ ಎಷ್ಟಾದೀತೆಂದು ನಾನು ಬೆವೆತೆ, ಗಿರಿಜಾ ಕಣ್ಣೊರೆಸಿಕೊಳ್ಳುತ್ತಿದ್ದಳು.

ಮರಳುವ ಬಸ್ಸಿನಲ್ಲಿ ಅತ್ತೆ ಎರಡೂ ಕೈಯಿಂದ ಉಡಿ ಹಿಡಿದು ಕೂತರು.

"ಎಲ್ಲಿಂದ್ರಿ, ಯಮ್ಮಾ?" ಕಂಡಕ್ಟರ್ ಕೇಳಿದ.

"ತವರಮನಿಂದಪ್ಪಾ."

ಊರಿನ ಹೆಸರು ನಾನು ಹೇಳಬೇಕಾಯಿತು.