ಹನುಮವ್ವನ ಉಡಿಬಟ್ಟೆ

ಹನುಮವ್ವ, ನಿಮ್ಮ ಕಣ್ಣು ಮಂಜಾಗಿರಲಿಲ್ಲ. ನಾನು ಸುಳ್ಳು ಹೇಳಿದೆ.

ಎಂಬತ್ತರ ದಶಕದ ಆರಂಭ. ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸಲು ಹೊನ್ನಾಳಿಯಿಂದ ನಿಮ್ಮ ಬಿಳಿಚೋಡಿಗೆ ಬಂದಿದ್ದೆ. ಹಳೆಯ ಉಡುಪುಗಳ ಪ್ರದರ್ಶನ ಮಾಡಿ ಎಂದು ಮೇಲಿನವರು ಹೇಳಿದಾಗ ನಿಮ್ಮ ಬಾಗಿಲಿಗೆ ಬಂದೆ. ಹತ್ತಿ ಬಿಡಿಸುವ ಹೆಂಗಸರು ಹಿಂದೆ ಸೊಂಟಕ್ಕೆ ಕಟ್ಟುತ್ತಿದ್ದ ಉಡಿಬಟ್ಟೆ ನಿಮ್ಮಲ್ಲಿ ಮಾತ್ರ ಉಳಿದಿತ್ತು — ಮಿಕ್ಕವರೆಲ್ಲ ಗೊಬ್ಬರದ ಚೀಲ ಕಟ್ಟಿಕೊಳ್ಳುತ್ತಿದ್ದರು. ಹಳೆಯ ಸೀರೆಯನ್ನು ಎರಡು ಪದರ ಮಾಡಿ ನಿಮ್ಮವ್ವ ಕೈಯಲ್ಲಿ ಹೊಲಿದದ್ದು. ಕಟ್ಟಿ ತೋರಿಸಿದಿರಿ: ಗಂಟು ಬೆನ್ನಿಗೆ, ಬಾಯಿ ಬಲಗೈ ಕಡೆಗೆ, ತುಂಬಿದ ಮೇಲೆ ಒಂದು ತುದಿ ಬಿಚ್ಚಿದರೆ ಹತ್ತಿಯೆಲ್ಲ ರಾಶಿಗೆ. “ನಮ್ಮವ್ವನ ಕೈದು ಅಂತ ಇರಾದು ಇದೊಂದೇ. ಜ್ವಾಪಾನ ಮಾಡ್ರಿ ಟೀಚರಮ್ಮ” ಎಂದಿರಿ.

ಜೋಪಾನ! ಒಳಹೊಲಿಗೆ ನೋಡಬೇಕೆಂದು ಅಂಚಿನಿಂದ ಅಂಚಿಗೆ ಬಿಚ್ಚಿಹಾಕಿದೆ. ನಿಮ್ಮನ್ನೊಂದು ಮಾತು ಕೇಳಬೇಕು ಅಂತಲೂ ಅನ್ನಿಸಲಿಲ್ಲ — ಅಷ್ಟು ಕೊಬ್ಬು. ಅದೇ ಅಳತೆಗೆ ಹೊಸದೊಂದು ಹೊಲಿದು ಪ್ರದರ್ಶನದಲ್ಲಿ ಮೆಚ್ಚುಗೆ ಪಡೆದೆ. ನಿಮ್ಮದನ್ನು ಅದೇ ಬಣ್ಣದ ದಾರದಲ್ಲಿ ಅವಸರವಸರವಾಗಿ ಜೋಡಿಸಿದೆ. ನಿಮ್ಮವ್ವನ ದಾರ ಕಸಕ್ಕೆ ಹೋಯಿತು.

ವಾಪಸ್ ಕೊಟ್ಟಾಗ ನೀವು ಅಂಚಿನ ಮೇಲೆ ಬೆರಳಾಡಿಸಿ, ಬಟ್ಟೆಯನ್ನು ಬೆಳಕಿಗೆ ಹಿಡಿದಿರಿ.

“ಇದು ನಮ್ಮವ್ವನ ಕೈ ಅಲ್ಲ.”

ಅಂಗಳದಲ್ಲಿ ನಿಮ್ಮ ಸೊಸೆ, ಅಕ್ಕಪಕ್ಕದವರು ನಿಂತಿದ್ದರು.

“ಅದೇ ಹೊಲಿಗೆ ಹನುಮವ್ವ. ನಿಮ್ಗೆ ಕಣ್ಣು ಮಂಜಾಗೈತೆ” ಎಂದೆ — ನಿಮ್ಮೂರ ಮಾತಿನಲ್ಲೇ, ಎಲ್ಲರೂ ನಂಬಲೆಂದು. ನಂಬಿದರು. ಹೊಲಿಗೆ ಟೀಚರೇ ಹೇಳಿದ ಮೇಲೆ ಇನ್ನೇನು! ಥೂ, ನನ್ನ ಬಾಯಿಗಿಷ್ಟು.

ಆಮೇಲೆ — ಸೊಸೆ ನಿಮ್ಮ ಕೈಯಿಂದ ಸೂಜಿ ಕಿತ್ತುಕೊಂಡಳು. ಕಾಳು ಆರಿಸಲೂ ಬಿಡಲಿಲ್ಲ. ಉಡಿಬಟ್ಟೆ ಕಟ್ಟಿಕೊಂಡು ಹೊಲಕ್ಕೆ ಹೊರಟರೆ ಮಗ ಬಾಗಿಲಲ್ಲೇ ತಡೆದ: “ಕಣ್ಣು ಕಾಣಲ್ಲ, ಹತ್ತಿ ಬಿಡ್ಸಾಕೆ ಎಲ್ಲಿಗೋಗ್ತಿ? ಮನ್ಯಾಗಿರವ್ವ.” ನಾನು ಎದುರು ಮನೆಯ ಕಟ್ಟೆಯ ಮೇಲಿದ್ದೆ. ನೀವು ತಿರುಗಿ ನನ್ನ ಕಡೆ ನೋಡಿದಿರಿ. ಆಗಲಾದರೂ — ಇಲ್ಲ, ಬಾಯಿ ಬಿಡಲಿಲ್ಲ. ಕಳ್ಳನ ಮನಸ್ಸು ಹುಳ್ಳುಳ್ಳಗೆ. ವರ್ಗವಾಗುವವರೆಗೂ ನಿಮ್ಮ ಓಣಿ ತಪ್ಪಿಸಿ ಓಡಾಡಿದೆ.

ಈಗ ಯಾರಿಗಾದರೂ ಹೇಳಿಕೊಂಡರೆ, “ಹಳೇ ಬಟ್ಟೆ ತಾನೇ, ಬಿಡಿ” ಎನ್ನುತ್ತಾರೆ. ಮೈ ಉರಿಯುತ್ತದೆ. ಅವರವ್ವ ಹೊಲಿದದ್ದನ್ನು ಯಾರಾದರೂ ಬಿಚ್ಚಿ ಕಸಕ್ಕೆ ಹಾಕಲಿ, ಆಗ ಗೊತ್ತಾಗುತ್ತದೆ. ಬಟ್ಟೆ ಹಾಳು ಮಾಡಿದ್ದು ಸಾಲದೆಂದು, ಕಾಣುವ ಕಣ್ಣನ್ನು ಕುರುಡೆಂದು ಊರಿಗೆ ನಂಬಿಸಿದೆನಲ್ಲ!

ನೀವಿಲ್ಲ. ಸೊಸೆ ಇದ್ದಾಳೆ, ಆ ಅಂಗಳ ಇದೆ. ನಾಳೆ ಬಿಳಿಚೋಡಿನ ಬಸ್ಸು ಹತ್ತುತ್ತೇನೆ. ಅಲ್ಲೇ ನಿಂತು, ಅಕ್ಕಪಕ್ಕದವರಿಗೆಲ್ಲ ಕೇಳುವಂತೆ ಅವಳಿಗೆ ಹೇಳುತ್ತೇನೆ — ನಿಮ್ಮತ್ತೆಯ ಕಣ್ಣು ಚೆನ್ನಾಗಿತ್ತು. ಆ ಹೊಲಿಗೆ ನನ್ನದು.