ಹಪ್ಪಳಕ್ಕೊಂದು ನೆಲ

ಮಣೆಯ ಮರದ ಗೆರೆಗಳು ಕಾಣುವಷ್ಟು ತೆಳ್ಳಗೆ ಉದ್ದಿನ ಹಪ್ಪಳ ಲಟ್ಟಿಸುವುದು ಮಹಾಲಕ್ಷ್ಮಮ್ಮನವರ ಕೈಗೆ ಒಲಿದಿತ್ತು. ತುಮಕೂರು ಚಿಕ್ಕಪೇಟೆಯ ಆ ಪುಟ್ಟ ಮನೆಯಲ್ಲಿ ಮಧ್ಯಾಹ್ನ ಲಟ್ಟಣಿಗೆಯದು ಬಿಟ್ಟರೆ ಬೇರೆ ಸದ್ದಿಲ್ಲ. ಕೈ ತನ್ನ ಪಾಡಿಗೆ ಆಡುತ್ತಿರುವಾಗ ಆಕೆ ಕಣ್ಣು ಅರ್ಧ ಮುಚ್ಚಿ ಗುಬ್ಬಿಯ ತವರುಮನೆಯ ಮಾಳಿಗೆಗೆ ಹೋಗಿಬಿಡುತ್ತಿದ್ದರು. ಅಲ್ಲಿ ಬಿಳಿ ಪಂಚೆಯ ಮೇಲೆ ಹರವಿದ ಹಪ್ಪಳಗಳು ಬಿಸಿಲು ಕುಡಿದು ಮೆಲ್ಲಗೆ ಅಂಚೆತ್ತುತ್ತಿದ್ದವು. ನೋಡುತ್ತ ಕೂತರೆ ಈಗ ಹಾರೀತು, ಈಗ ಹಾರೀತು ಅನ್ನಿಸುತ್ತಿತ್ತು.

ಗಂಡ ಶಿವರಾಮಯ್ಯ ತೀರಿಕೊಂಡ ಮೇಲೆ ಹಪ್ಪಳದಿಂದಲೇ ಆಕೆಯ ಜೀವನ ನಡೆಯುತ್ತಿತ್ತು. ಅಣ್ಣ ಸುಬ್ಬಕೃಷ್ಣ ಕುಣಿಗಲ್ಲಿನಿಂದ ಬಂದಾಗಲೆಲ್ಲ ಒಂದೇ ಮಾತು: "ಸುಮ್ನೆ ಬಂದ್ಬಿಡೇ. ನಮ್ಮನೇಲಿ ನಿಂಗೊಂದು ಮೂಲೆ ಇಲ್ವೇ?" ಆ ಮೂಲೆಯನ್ನು ಆಕೆ ನೋಡಿದ್ದರು. ಅಕ್ಕಿಮೂಟೆಗಳ ಪಕ್ಕ, ಕಿಟಕಿಯಿಲ್ಲದ್ದು.

೧೯೫೮ರ ಬೇಸಿಗೆಯಲ್ಲಿ, ಮನೆಯಲ್ಲಿ ತಿಂಡಿ ಮಾಡಿ ಮಾರುವವರೂ ಲೈಸೆನ್ಸ್ ಮಾಡಿಸಬೇಕೆಂದು ತಿಳಿದುಬಂತು. ಮಲಗುವಲ್ಲಿ ತಿಂಡಿ ಮಾಡಕೂಡದು, ನೀರು ಮುಚ್ಚಿಟ್ಟಿರಬೇಕು, ಮಾಡುವ ಜಾಗವನ್ನು ಹೆಲ್ತ್ ಇನ್‌ಸ್ಪೆಕ್ಟರು ಒಳಹೊಕ್ಕು ನೋಡಬೇಕು. ಲೈಸೆನ್ಸ್ ಇಲ್ಲದಿದ್ದರೆ ಅಂಗಡಿಯವರು ಹಪ್ಪಳ ಕೊಳ್ಳುವುದಿಲ್ಲ. ಅವರು ಕೊಳ್ಳದಿದ್ದರೆ ಕುಣಿಗಲ್ಲೇ ಗತಿ.

ತೊಡಕು ಮಡಿಯದು. ಮಿಂದು ಮಡಿಬಟ್ಟೆ ಉಟ್ಟ ಮನೆಯವರ ಹೊರತು ಯಾರೂ ಆ ಅಡುಗೆಮನೆಯ ಹೊಸ್ತಿಲು ದಾಟಿದ್ದಿಲ್ಲ. ಹಾಗಾಗಿ ಆಕೆ ಮಣೆ, ಲಟ್ಟಣಿಗೆ, ಹಿಟ್ಟಿನ ಡಬ್ಬಗಳನ್ನು ನಡುಮನೆಗೆ ತಂದರು. ಹಾಸಿಗೆಯನ್ನು ಹಿತ್ತಲ ಕೋಣೆಗೆ ಸಾಗಿಸಿದರು. ಇನ್‌ಸ್ಪೆಕ್ಟರು ಬರುವ ದಿನ ಬೆಳಗಾಗುತ್ತಲೇ ನಡುಮನೆಯ ಮಣ್ಣುನೆಲವನ್ನು ಸಗಣಿಯಿಂದ ನುಣ್ಣಗೆ ಸಾರಿಸಿ, ರಂಗೋಲಿ ಎಳೆದರು. ಇದಕ್ಕಿಂತ ಶುದ್ಧವಾದ ನೆಲ ಊರಿನಲ್ಲೇ ಇರಲಾರದು ಅಂದುಕೊಂಡರು.

ಇನ್‌ಸ್ಪೆಕ್ಟರ್ ರಾಮಾಂಜಿನಯ್ಯ ಬಾಗಿಲಲ್ಲೇ ನಿಂತರು.

"ಸಗಣಿ ಸಾರಿಸಿದೀರಾಮ್ಮ?"

"ಹೂಂನಪ್ಪ, ನೀವು ಬರ್ತೀರಾಂತಲೇ ಸಾರಿಸಿದೆ."

"ಅದೇ ಆಗಲ್ಲಮ್ಮ. ತಿನ್ನೋದು ಮಾಡೋ ಕಡೆ ನೆಲ ಕಲ್ಲಿಂದೋ ಸಿಮೆಂಟಿಂದೋ ಇರ್ಬೇಕು."

ಹಾಲು ಹಾಕಲು ಬಂದಿದ್ದ ವನಜಮ್ಮ ಜಗಲಿಯಿಂದಲೇ ಬಾಯಿ ಹಾಕಿದರು. "ಅಯ್ಯೋ ಬುಡಿ ಸಾಮಿ, ನಮ್ಮ ಹಸೀನ ಸಗಣಿ ಅದು. ನಿಮ್ಮ ಆಫೀಸ್ ನೆಲಕ್ಕಿಂತ ವಾಸಿ!"

"ನಮ್ಮ ಆಫೀಸಲ್ಲಿ ಹಪ್ಪಳ ಲಟ್ಟಿಸಲ್ಲ ಕಣಮ್ಮ."

ವನಜಮ್ಮ ನಕ್ಕರು. ಮಹಾಲಕ್ಷ್ಮಮ್ಮನವರಿಗೆ ನಗು ಬರಲಿಲ್ಲ.

"ಕಲ್ಲಿನ ನೆಲ ಎಲ್ಲೂ ಇಲ್ವಾಮ್ಮ?" ಎಂದರು ರಾಮಾಂಜಿನಯ್ಯ.

ಇತ್ತು. ಮನೆಯಲ್ಲಿ ಚಪ್ಪಡಿ ಹಾಸಿದ್ದು ಅಡುಗೆಮನೆಗೊಂದಕ್ಕೇ. ಆಕೆಯ ಕಣ್ಣು ಅದರ ಹೊಸ್ತಿಲ ಕಡೆ ಹೋಯಿತು.

"ಇಲ್ಲ ಅಂತ ಬರ್ಕೊಳ್ಲಾ?" ಅವರು ಪೆನ್ನಿನ ಮುಚ್ಚಳ ತೆಗೆದರು.

ಅಕ್ಕಿಮೂಟೆಗಳ ಮುಗ್ಗುವಾಸನೆ ಆಕೆಗೆ ಅಲ್ಲೇ ಮೂಗಿಗೆ ಬಡಿದಂತಾಯಿತು.

"ಇದೆ," ಎಂದರು. "ಕಾಲು ತೊಳ್ಕೊಂಡು ಬನ್ನಿ."

ಹೊಸ್ತಿಲ ಬಳಿ ಮಾತ್ರ ಆಕೆಯ ಕೈ ತಾನಾಗಿ ಬಾಗಿಲ ಚೌಕಟ್ಟಿಗೆ ಅಡ್ಡ ಹೋಯಿತು. ರಾಮಾಂಜಿನಯ್ಯ ನಿಂತರು. "ಇಲ್ಲಿಂದ್ಲೇ ನೋಡಿಬಿಡ್ತಿದ್ದೆ ಕಣಮ್ಮ, ಆದ್ರೆ ನೀರು ಹೋಗೋ ತೂಬು ಕಾಣಲ್ಲ," ಎಂದು ತಪ್ಪು ಮಾಡಿದವರಂತೆ ತಗ್ಗಿದ ದನಿಯಲ್ಲಿ ಹೇಳಿದರು.

ಸ್ವಲ್ಪ ಹೊತ್ತಿನ ಮೇಲೆ ಕೈ ಕೆಳಗಿಳಿಯಿತು.

ಒಳಗೆ ಅವರು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಏನನ್ನೂ ಮುಟ್ಟದೆ, ಬಗ್ಗಿ ಬಗ್ಗಿ ನೋಡಿದರು: ತೂಬು, ಕೊಡದ ಮುಚ್ಚಳ, ಚಪ್ಪಡಿಗಳ ಸಂದು. "ತೂಬಿಗೊಂದು ತಂತಿಬಲೆ ಹಾಕಿಸ್ಬಿಡಿ. ಮಿಕ್ಕಿದ್ದೆಲ್ಲ ಸರಿಯಾಗಿದೆ. ಲೈಸೆನ್ಸ್ ಆಗುತ್ತೆ," ಎಂದರು. ಹೊರಟವರು ತಿರುಗಿ, "ನಮ್ಮವ್ವನೂ ಹಿಂಗೇ. ನನ್ನನ್ನೇ ಒಳಕ್ಕೆ ಬಿಡಲ್ಲ," ಎಂದು ನಕ್ಕು ಚಪ್ಪಲಿ ಮೆಟ್ಟಿಕೊಂಡರು.

ಇನ್ನು ಒಳಗನ್ನೆಲ್ಲ ತೊಳೆದು, ಮತ್ತೆ ಮಿಂದೇ ಕೆಲಸಕ್ಕೆ ಕೂರಬೇಕು. ಅದು ಮಡಿಯ ಕ್ರಮ. ಮಹಾಲಕ್ಷ್ಮಮ್ಮ ಕೊಡ ತುಂಬಿಕೊಂಡು ಹೊಸ್ತಿಲಿಗೆ ಬಂದರು. ಬೆಳಕಿಂಡಿಯಿಂದ ಇಳಿದ ಬಿಸಿಲು ಚಪ್ಪಡಿಯ ಮೇಲೆ ಬಿದ್ದಿತ್ತು. ಆ ಬಿಸಿಲಿನಲ್ಲಿ ರಾಮಾಂಜಿನಯ್ಯನವರ ಒದ್ದೆ ಹೆಜ್ಜೆಗಳಿದ್ದವು. ಆಕೆ ನೋಡುತ್ತ ನಿಂತರು. ತೇವ ಮೊದಲು ಅಂಚಿನಿಂದ ಹಿಂದೆ ಸರಿಯಿತು. ಹಿಮ್ಮಡಿ ಕರಗಿತು, ಆಮೇಲೆ ಬೆರಳುಗಳು ಒಂದೊಂದಾಗಿ. ಕಲ್ಲು ತನ್ನ ಬೂದುಬಣ್ಣವನ್ನು ಯಾವ ಆತುರವೂ ಇಲ್ಲದೆ ವಾಪಸು ಪಡೆಯಿತು. ಹೆಜ್ಜೆ ಯಾವ ಚಪ್ಪಡಿಯ ಮೇಲಿತ್ತೆಂದು ಈಗ ಆಕೆಗೇ ಹೇಳಲಾಗುತ್ತಿರಲಿಲ್ಲ.

ಕೊಡದ ನೀರನ್ನು ತಿರುಗಿ ಹಂಡೆಗೆ ಸುರಿದರು. ನಡುಮನೆಯಿಂದ ಮಣೆ ತಂದು ಬಿಸಿಲು ಬಿದ್ದಿದ್ದಲ್ಲೇ ಇಟ್ಟು, ಕೂತು, ಮೊದಲ ಉಂಡೆ ಕೈಗೆತ್ತಿಕೊಂಡರು.