ಕೈಯಲ್ಲಿ ಹಾಳೆ ಇದ್ದಾಗ

ದೂರದವರು ಕೂಗಿದ್ದು ಕೇಳಿಸಿತು, ಸತ್ತವರು ಬಂದು ನಿಂತರು ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಸಿಡಿಮಿಡಿ. "ಹೊಟ್ಟಿ ಕೆಟ್ಟಿರಬೇಕು, ಒಂದು ಗುಳಿಗಿ ನುಂಗ್ರಿ" ಎಂದು ಮುಖಕ್ಕೇ ಹೇಳಿಬಿಡುತ್ತಿದ್ದೆ. ಈಗ ನಾನೇ ಅಂಥದ್ದೊಂದನ್ನು ಹೇಳಲು ಕೂತಿದ್ದೇನೆ. ನಗುವವರು ನಗಲಿ.

ತೊಂಬತ್ತರ ದಶಕದ ಕೊನೆಯ ಮಾತು. ಊರಿಂದ ದೂರದ ಪ್ರಯೋಗಾಲಯವೊಂದರಲ್ಲಿ, ಸೂರ್ಯನನ್ನು ನೋಡುವ ಎಕ್ಸ್-ರೇ ದೂರದರ್ಶಕಕ್ಕೆ ಫಿಲ್ಟರ್ ಮಾಡುವುದು ನನ್ನ ಕೆಲಸವಾಗಿತ್ತು. ಕೂದಲಿಗಿಂತ ನೂರಾರು ಪಟ್ಟು ತೆಳುವಾದ ಅಲ್ಯೂಮಿನಿಯಂ ಪೊರೆ ಅದು. ಕಣ್ಣಿಗೆ ಕಾಣುವ ಬೆಳಕನ್ನು ತಡೆದು ಎಕ್ಸ್-ರೇಗಳನ್ನಷ್ಟೇ ಒಳಗೆ ಬಿಡಬೇಕು. ಸೂಜಿಮೊನೆಯಷ್ಟು ತೂತು ಬಿದ್ದರೂ ಬಿಸಿಲು ನುಗ್ಗಿ ಚಿತ್ರವೆಲ್ಲ ಹಾಳು. ಗಾಜಿನಿಂದ ಬಿಡಿಸಿ ನೀರಿನ ಮೇಲೆ ತೇಲಿಸಿದ ಪೊರೆಯನ್ನು ಚೌಕಟ್ಟಿನಲ್ಲಿ ಎತ್ತುವಾಗ ಜೋರಾಗಿ ಉಸಿರು ಬಿಡುವಂತೆಯೂ ಇರಲಿಲ್ಲ.

ಇದು ನಾನು ಮನೆಯಲ್ಲೇ ಕಂಡ ವಿದ್ಯೆ. ಘೋಡಗೇರಿಯ ನನ್ನ ಅವ್ವ ಹುಕ್ಕೇರಿ, ಗೋಕಾಕದ ಮದುವೆಮನೆಗಳಿಗೆ ಮಂಡಿಗೆ ಮಾಡಲು ಹೋಗುತ್ತಿದ್ದಳು. ಹೂರಣ ತುಂಬಿದ ಹಿಟ್ಟನ್ನು ಮುಂಗೈಗಳ ಮೇಲೆ ಹಾಳೆಯಂತೆ ಹಿಗ್ಗಿಸಿ, ಬಾಗಿಲ ಬೆಳಕಿಗೆ ಹಿಡಿದು ತೂತು ನೋಡಿ, ಒಲೆಯ ಮೇಲೆ ಕಾದ ಬೋರಲು ಗಡಿಗೆಗೆ ಹಾಸಿ ಬೇಯಿಸುವಳು. "ಕೈಯಾಗ ಹಾಳಿ ಇದ್ದಾಗ ಯಾರೂ ಕರೀಬಾರ್ದು. ಕರದ್ರೂ ಓ ಅನಬಾರ್ದು" ಎಂಬುದು ಅವಳ ಕಟ್ಟಪ್ಪಣೆ. ಅದನ್ನೇ ನಾನು ಪ್ರಯೋಗಾಲಯಕ್ಕೂ ತಂದೆ. ರಜೆಗೆ ಹೋದಾಗ ಹೇಳಿದರೆ ಅವ್ವ ಬಿದ್ದು ಬಿದ್ದು ನಕ್ಕಳು: "ಸೂರ್ಯಪ್ಪಗ ಮಂಡಿಗಿ ಮಾಡಾಕತ್ತೀಯೇನೋ ತಮ್ಮಾ?"

ಆ ವರ್ಷ ಅವ್ವ ಹಾಸಿಗೆ ಹಿಡಿದಳು. "ಲಗೂನ ಬಾ" ಎಂದು ಅಣ್ಣ ಫೋನ್ ಮಾಡಿದ. "ಇದೊಂದು ಫಿಲ್ಟರ್ ಮುಗಿಸಿ ಸೋಮವಾರ ಬರ್ತೇನಿ" ಎಂದೆ. ಎಂಥ ಬುದ್ಧಿಗೇಡಿ ನಾನು.

ಶನಿವಾರ ಮಧ್ಯಾಹ್ನ ಮೂರರ ಸುಮಾರು. ಪೊರೆ ಆಗಷ್ಟೇ ನೀರು ಬಿಟ್ಟು ಮೇಲೇಳುತ್ತಿತ್ತು. ಬೆನ್ನ ಹಿಂದೆ ಅವ್ವನ ದನಿ: "ತಮ್ಮಾ, ಬಂದೀಯೇನೋ?"

ಬಾಗಿಲು ಮುಚ್ಚಿತ್ತು. ಕೋಣೆಯಲ್ಲಿ ನಾನೊಬ್ಬನೇ. ಓ ಎನ್ನಲು ಬಾಯಿ ತೆರೆದವನು ಕೈಯಲ್ಲಿದ್ದ ಪೊರೆ ನೋಡಿ ಸುಮ್ಮನಾದೆ. ಅದನ್ನು ಪೂರ್ತಿ ಎತ್ತಿ, ದೀಪಕ್ಕೆ ಹಿಡಿದು ಪರೀಕ್ಷಿಸಿದೆ. ಒಂದೂ ತೂತಿರಲಿಲ್ಲ. ಆಮೇಲೆ ಅದನ್ನು ಕೆಳಗಿಟ್ಟು, ತಿರುಗಿ "ಓ ಅವ್ವಾ" ಎಂದೆ. ಯಾರಿದ್ದರು ಅಲ್ಲಿ?

ಸಂಜೆ ಅಣ್ಣ ಫೋನ್ ಮಾಡಿ ಅವ್ವ ಹೋದಳೆಂದ. ಮರುದಿನ ಊರು ಮುಟ್ಟಿದಾಗ ನನ್ನನ್ನು ತಬ್ಬಿಕೊಂಡು ಅತ್ತ. "ಮೂರರ ಸುಮಾರಿಗೆ ಬಾಗಲದ ಕಡೆ ನೋಡಿ ನಿನ್ನ ಕರದ್ಲು. ಫೋನ್ ಮಾಡಾಕ ನಾ ಎದ್ದೆ. 'ಬ್ಯಾಡೋ, ಅವನ ಕೈಯಾಗ ಹಾಳಿ ಐತಿ, ಕರೀಬ್ಯಾಡ' ಅಂದ್ಲು. ಆಮ್ಯಾಲ ಬಾಯಿ ಬಿಡಲಿಲ್ಲ."

ಆ ಹೊತ್ತಿಗೆ ನಾನು ಪೊರೆ ಎತ್ತುತ್ತೇನೆಂದು ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವಳಿಗೆ ಹೇಗೆ ತಿಳಿಯಿತು? ಕಾಕತಾಳೀಯ ಎಂದುಕೊಂಡು ನೋಡಿದ್ದೇನೆ, ಮನಸ್ಸು ಒಪ್ಪಿಲ್ಲ. ಇಷ್ಟು ವರ್ಷವಾದರೂ ಬಗೆಹರಿದಿಲ್ಲ. ಪೊರೆ ಹರಿದಿದ್ದರೆ ಇನ್ನೊಂದು ಮಾಡಬಹುದಿತ್ತು. ಓ ಅನ್ನಬೇಕಿತ್ತು.